‘ನಂಬರ ಏರ್ಯಾದ’: ಬೀದರ ಸೀಮೆಯಲ್ಲಿ ಥೈರಾಯ್ಡ್ ಗುಳಿಗೆಯ ಪ್ರಮಾಣ ಮತ್ತು ರಕ್ತಪರೀಕ್ಷೆಯ ಗ್ರಹಿಕೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆಗಳ ಸಂಗ್ರಹ, ತಾಯಿತ-ಮಂತ್ರಗಳ ವಿವರಣೆ, ನಾಟಿ ವೈದ್ಯರ ವಂಶಪರಂಪರೆಗಳ ದಾಖಲಾತಿ ಇವುಗಳ ಸುತ್ತ ಬೆಳೆದುಬಂದಿವೆ. ಅವುಗಳ ಮಹತ್ವ ಪ್ರಶ್ನಾತೀತವಾದುದು. ಆದರೆ ಇಂದು ಬೀದರ ಸೀಮೆಯ ಹಳ್ಳಿಯ ಮನೆಯೊಂದರ ಗೋಡೆಯ ಮಾಡದಲ್ಲಿ ಕುಂಕುಮದ ಭರಣಿಯ ಪಕ್ಕಕ್ಕೆ ಥೈರಾಯ್ಡ್ ಗುಳಿಗೆಯ ಪುಟ್ಟ ಡಬ್ಬಿಯೂ, ಅದರ ಕೆಳಗೆ ನಾಲ್ಕಾಗಿ ಮಡಿಚಿಟ್ಟ ಪ್ರಯೋಗಶಾಲೆಯ ವರದಿಯೂ ಇರುವುದು ಅಪರೂಪವಲ್ಲ. ಆ ವರದಿಯನ್ನು ಯಾರು ಓದುತ್ತಾರೆ, ಹೇಗೆ ಓದುತ್ತಾರೆ, ಓದಿದ ಮೇಲೆ ಗುಳಿಗೆಯನ್ನು ಹೆಚ್ಚಿಸುತ್ತಾರೋ ಇಳಿಸುತ್ತಾರೋ ಬಿಟ್ಟೇಬಿಡುತ್ತಾರೋ ಎಂಬುದು ಬೇರು-ನಾರುಗಳ ಸಂಗ್ರಹದಷ್ಟೇ ಜನಪದ ವೈದ್ಯದ ವ್ಯಾಪ್ತಿಗೆ ಸೇರಿದ ವಿಷಯವೆಂದು ನಾನು ಭಾವಿಸುತ್ತೇನೆ. ಬೀದರ ನಗರ, ಭಾಲ್ಕಿ ಮತ್ತು ಔರಾದ ತಾಲೂಕುಗಳ ಪರಿಸರವನ್ನು ಮುಂದಿಟ್ಟುಕೊಂಡು, ಈ ಗುಳಿಗೆಯ ಪ್ರಮಾಣ ನಿರ್ಧಾರವಾಗುವ ಬಗೆಯನ್ನೂ ರಕ್ತಪರೀಕ್ಷೆಯ ಅಂಕಿಗಳು ಹೇಳುವ ಅರ್ಥವನ್ನೂ ಜನರ ಮಾತಿನಲ್ಲಿ ಅವು ಪಡೆಯುವ ಅರ್ಥಾಂತರಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ವಿಚಾರ. ಕೊರಳು ಊದಿಕೊಳ್ಳುವ ಕಾಯಿಲೆಗೆ ಶಾಸ್ತ್ರಗ್ರಂಥಗಳಲ್ಲಿ ‘ಗಳಗಂಡ’ವೆಂಬ ಹೆಸರಿದೆ. ಸುಶ್ರುತಸಂಹಿತೆಯ ನಿದಾನಸ್ಥಾನವು ಇದನ್ನು ವಾತ, ಕಫ ಮತ್ತು ಮೇದಸ್ಸುಗಳಿಂದ ಹುಟ್ಟುವ ಮೂರು ಬಗೆಯಾಗಿ ವಿಂಗಡಿಸುತ್ತದೆ. ಪಿತ್ತದಿಂದ ಹುಟ್ಟುವ ಗಳಗಂಡವನ್ನು ಅದು ಹೇಳುವುದಿಲ್ಲ. ಮರಾಠಿಯಲ್ಲಿಯೂ ‘ಗಲಗಂಡ’ವೇ, ಉರ್ದುವಿನಲ್ಲಿ ‘ಘೇಂಘಾ’. ಕನ್ನಡ, ಮರಾಠಿ, ದಖನಿ, ತೆಲುಗು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಬೀದರದಲ್ಲಿ ಈ ಹೆಸರುಗಳೆಲ್ಲವೂ ಪರಿಚಿತವಾಗಿರಲು ಸಾಧ್ಯ. ಆದರೆ ಇಂದು ಇವೆಲ್ಲವನ್ನೂ ಹಿಂದಕ್ಕೆ ಸರಿಸಿ ‘ಥೈರಾಯ್ಡ್’ ಎಂಬ ಒಂದೇ ಪದ ನಿಂತಿದೆ. ಅದೂ ಗ್ರಂಥಿಯ ಹೆಸರಾಗಿ ಅಲ್ಲ, ರೋಗದ ಹೆಸರಾಗಿ. ‘ಆಕಿಗಿ ಥೈರಾಯ್ಡ್ ಅದ’ ಎಂದರೆ ಆಕೆಗೆ ಕಾಯಿಲೆಯಿದೆ ಎಂದೇ ಅರ್ಥ. ಗ್ರಂಥಿಯು ಎಲ್ಲರ ಕೊರಳಲ್ಲೂ ಇರುವುದೆಂಬ ಸಂಗತಿ ಈ ಮಾತಿನಲ್ಲಿ ಅಳಿಸಿಹೋಗಿದೆ.

ಇದನ್ನು ಇದರ ಜೊತೆಗಾರ ಪದಗಳೊಂದಿಗೆ ಇಟ್ಟು ನೋಡಬೇಕು. ‘ಶುಗರ್’ ಎಂಬುದು ರಕ್ತದಲ್ಲಿರುವ ವಸ್ತುವಿನ ಹೆಸರು, ‘ಬೀಪಿ’ ಒಂದು ಅಳತೆಯ ಹೆಸರು, ‘ಥೈರಾಯ್ಡ್’ ಒಂದು ಅಂಗದ ಹೆಸರು. ಮೂರೂ ಜನರ ಬಾಯಲ್ಲಿ ರೋಗದ ಹೆಸರುಗಳಾಗಿ ಒಂದೇ ಸಾಲಿಗೆ ಬಂದಿವೆ. ಶುಗರ್ ಮತ್ತು ಬೀಪಿಗಳಲ್ಲಿ ವ್ಯಾಕರಣ ಸರಳ: ನಂಬರು ಏರಿದರೆ ಆ ವಸ್ತು ಅಥವಾ ಒತ್ತಡ ಏರಿದೆ, ಗುಳಿಗೆ ಅದನ್ನು ಇಳಿಸುತ್ತದೆ. ಅದೇ ವ್ಯಾಕರಣವನ್ನು ಥೈರಾಯ್ಡಿಗೂ ಹಚ್ಚಿದಾಗ ತೊಡಕು ಹುಟ್ಟುತ್ತದೆ. ‘ಥೈರಾಯ್ಡ್ ಜಾಸ್ತಿ ಆಗ್ಯಾದ’ ಎಂದು ಹೇಳಲಾಗುವ ಬಹುಪಾಲು ಸಂದರ್ಭಗಳಲ್ಲಿ ನಿಜವಾಗಿ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿರುತ್ತದೆ. ಏರಿರುವುದು ಟಿಎಸ್‌ಎಚ್ ಎಂಬ ಬೇರೊಂದು ವಸ್ತುವಿನ ಅಂಕಿ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವುದಲ್ಲ. ಮೆದುಳಿನ ಕೆಳಭಾಗದಲ್ಲಿರುವ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿಯು ಅದನ್ನು ಸ್ರವಿಸುತ್ತದೆ. ಕೊರಳಿನ ಗ್ರಂಥಿಗೆ ಕೆಲಸ ಮಾಡೆಂದು ಹೇಳುವ ಆಜ್ಞೆ ಅದು. ಹೊಲದ ಈ ಬದುವಿನಲ್ಲಿ ನಿಂತ ಯಜಮಾನ ಆಚೆ ಬದುವಿನ ಆಳನ್ನು ಕೂಗುವುದಕ್ಕೆ ಇದನ್ನು ಹೋಲಿಸಬಹುದು. ಆಳು ಚುರುಕಾಗಿ ಕೆಲಸ ಮಾಡುತ್ತಿದ್ದರೆ ಮೆಲುದನಿ ಸಾಕು. ಆತ ಕೈಚೆಲ್ಲಿ ಕುಳಿತರೆ ಕೂಗು ಏರುತ್ತದೆ. ಪ್ರಯೋಗಶಾಲೆಯ ವರದಿಯಲ್ಲಿ ಮುದ್ರಿತವಾಗುವ ದೊಡ್ಡ ಅಂಕಿ ಆಳಿನ ದುಡಿಮೆಯಲ್ಲ, ಯಜಮಾನನ ಕೂಗು. ಹೀಗಾಗಿ ಟಿಎಸ್‌ಎಚ್ ಏರಿದ್ದರೆ ಗುಳಿಗೆ ಸಾಲದೆಂದೂ, ತೀರ ಇಳಿದಿದ್ದರೆ ಗುಳಿಗೆ ಹೆಚ್ಚಾಗಿದೆಯೆಂದೂ ಅರ್ಥ. ಕೂಗಿಗೆ ಓಗೊಡುವ ಆಳು ದಣಿದಾಗ ಅದೇ ಕೆಲಸವನ್ನು ಮಾಡಲು ಹೊರಗಿನಿಂದ ತಂದ ಆಳೇ ಈ ಗುಳಿಗೆ, ಲಿವೋಥೈರಾಕ್ಸಿನ್.

ಕೈಯಲ್ಲಿ ವರದಿ ಹಿಡಿದು ಬಂದ ಅತ್ತಿಗೆಗೆ ನಾದಿನಿ ‘ನಂಬರ ಏರ್ಯಾದಲ್ಲಾ ವೈನಿ, ಈ ಗುಳಗಿನೇ ನಿಮಗ ಸೇರವಲ್ದು, ನಾಕು ದಿನ ಬಿಟ್ಟು ನೋಡ್ರಿ’ ಎನ್ನುವಳು. ಈ ಮಾತಿನಲ್ಲಿ ತರ್ಕದ ಕೊರತೆಯಿಲ್ಲ ಎಂಬುದನ್ನು ಗಮನಿಸಬೇಕು. ಥೈರಾಯ್ಡ್ ಏರಿದೆ, ಗುಳಿಗೆಯೂ ಥೈರಾಯ್ಡಿನದೇ, ಆದ್ದರಿಂದ ಗುಳಿಗೆ ಬಿಡಬೇಕು. ಇಲ್ಲಿ ದೋಷವಿರುವುದು ತರ್ಕದಲ್ಲಲ್ಲ, ಹೆಸರಿನಲ್ಲಿ. ಇದರ ಪ್ರತಿಬಿಂಬವೂ ಉಂಟು. ಟಿಎಸ್‌ಎಚ್ 0.05ಕ್ಕೆ ಇಳಿದಾಗ, ಶುಗರ್ ಇಳಿದಷ್ಟೇ ಸಂತೋಷದಿಂದ ‘ಕಡಿಮಿ ಆಗ್ಯಾದ’ ಎಂದು ಅದೇ ಪ್ರಮಾಣವನ್ನು ವರ್ಷಗಟ್ಟಲೆ ಮುಂದುವರಿಸುವುದು. ಇದು ಮೊದಲನೆಯದಕ್ಕಿಂತ ಮೌನವಾದ ಅಪಾಯ. ವಯಸ್ಸಾದವರಲ್ಲಿ ಇದರಿಂದ ಹೃದಯದ ಬಡಿತ ತಾಳ ತಪ್ಪುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ ಮಾತ್ರ ವೈದ್ಯರೇ ಉದ್ದೇಶಪೂರ್ವಕವಾಗಿ ಈ ಅಂಕಿಯನ್ನು ಕೆಳಗಿಟ್ಟಿರುತ್ತಾರೆ. ಅವರ ವರದಿಯನ್ನು ಪಕ್ಕದ ಮನೆಯವರ ವರದಿಯೊಂದಿಗೆ ಹೋಲಿಸಲಾಗದು.

ಅಂಕಿಯ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಬೇಕು. ವಯಸ್ಕರಲ್ಲಿ ಟಿಎಸ್‌ಎಚ್‌ನ ಸಾಮಾನ್ಯ ಮಿತಿ ಲೀಟರಿಗೆ ಸುಮಾರು 0.4ರಿಂದ 4 ಅಥವಾ 4.5 ಮಿಲಿ ಯೂನಿಟ್. ಮೊದಲು 2 ಇದ್ದುದು ಈಗ 8 ಆಗಿದ್ದರೆ ‘ರೋಗ ನಾಲ್ಕು ಪಟ್ಟಾಯಿತು’ ಎಂಬ ಅಂಜಿಕೆ ಸಹಜ. ಆದರೆ ರಕ್ತದಲ್ಲಿನ ಟಿ4 ಎಂಬ ಹಾರ್ಮೋನಿಗೂ ಟಿಎಸ್‌ಎಚ್‌ಗೂ ಇರುವ ಸಂಬಂಧ ಸರಳ ರೇಖೆಯದಲ್ಲ. ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಸರಿಸುಮಾರು ನೂರು ಪಟ್ಟು ಏರಬಲ್ಲದು. ಈ ಲೆಕ್ಕದಲ್ಲಿ ಟಿಎಸ್‌ಎಚ್ ನಾಲ್ಕು ಪಟ್ಟಾಗಲು ಟಿ4 ಐದರಲ್ಲೊಂದು ಪಾಲಿನಷ್ಟು ಇಳಿದರೆ ಸಾಕು. ಯಜಮಾನ ಬಹು ಸೂಕ್ಷ್ಮ ಸ್ವಭಾವದವನು. ಆಳು ತುಸು ನಿಧಾನಿಸಿದರೂ ದೊಡ್ಡದಾಗಿ ಕೂಗುತ್ತಾನೆ. ಆದ್ದರಿಂದಲೇ ಅಂಕಿ ದುಪ್ಪಟ್ಟಾದರೆ ಗುಳಿಗೆಯನ್ನೂ ದುಪ್ಪಟ್ಟು ಮಾಡುವ ಪದ್ಧತಿ ವೈದ್ಯರಲ್ಲಿಲ್ಲ. ದಿನಕ್ಕೆ 12.5 ಅಥವಾ 25 ಮೈಕ್ರೋಗ್ರಾಂನಷ್ಟು ಏರಿಸಿ ಇಲ್ಲವೆ ಇಳಿಸಿ ಕಾಯುತ್ತಾರೆ.

ಈ ಕಾಯುವಿಕೆ ಆರರಿಂದ ಎಂಟು ವಾರಗಳದು. ಕಾರಣ ಗುಳಿಗೆಯ ಸ್ವಭಾವದಲ್ಲಿದೆ. ಥೈರಾಕ್ಸಿನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹೊಸ ಪ್ರಮಾಣವು ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಪಿಟ್ಯುಟರಿ ಅದನ್ನು ಗ್ರಹಿಸಿ ತನ್ನ ಕೂಗನ್ನು ತಗ್ಗಿಸುವುದು ಅದರ ನಂತರ. ಬೀದರದ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗಬಾವಿಯನ್ನು ನೋಡಿದವರಿಗೆ ಇದು ಅಪರಿಚಿತವಲ್ಲ: ಜಂಬಿಟ್ಟಿಗೆ ನೆಲದ ಮೇಲೆ ಇಂದು ಬಿದ್ದ ಮಳೆ ನಾಳೆಯೇ ಸುರಂಗದಲ್ಲಿ ಹರಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಅಂಕಿ ಇಳಿಯಲಿಲ್ಲವೆಂದು ಡಾಕ್ಟರನ್ನು ಬದಲಿಸುವವರು ಹಣವನ್ನೂ ಹಾದಿಯನ್ನೂ ವ್ಯರ್ಥಮಾಡಿಕೊಳ್ಳುತ್ತಾರೆ. ಅಂಕಿ ಒಮ್ಮೆ ಹದಕ್ಕೆ ಬಂದ ಮೇಲೆ ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ನೋಡಿದರೆ ಸಾಕಾಗುತ್ತದೆ.

ಆರಂಭದ ಪ್ರಮಾಣ ಯಾವುದು ಎಂಬುದಕ್ಕೆ ತೂಕವೇ ಆಧಾರ. ಗ್ರಂಥಿ ಪೂರ್ಣವಾಗಿ ಕೆಲಸ ನಿಲ್ಲಿಸಿದ್ದರೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1.6 ಮೈಕ್ರೋಗ್ರಾಂ ಬೇಕೆಂಬುದು ಸಾಮಾನ್ಯ ಲೆಕ್ಕ. 60 ಕಿಲೋ ತೂಕದವರಿಗೆ 96, ಅಂದರೆ 100 ಮೈಕ್ರೋಗ್ರಾಂನ ಒಂದು ಗುಳಿಗೆ. ಗ್ರಂಥಿಯಲ್ಲಿ ಇನ್ನೂ ಸತ್ವ ಉಳಿದವರಿಗೆ 25 ಅಥವಾ 50 ಸಾಕಾಗಬಹುದು. ಮುಪ್ಪಿನವರಿಗೆ, ಅದರಲ್ಲಿಯೂ ಹೃದಯದ ತೊಂದರೆಯುಳ್ಳವರಿಗೆ, 12.5ರಿಂದ 25ರೊಳಗೆ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜವೇ ಆದ್ದರಿಂದ, ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ 10ರ ಒಳಗಿರುವ ಎಪ್ಪತ್ತು ದಾಟಿದ ಹಿರಿಯರಿಗೆ ಗುಳಿಗೆಯೇ ಬೇಡವೆಂದು ವೈದ್ಯರು ಹೇಳಿದರೆ ಅದನ್ನು ಉದಾಸೀನವೆಂದು ತಿಳಿಯಬೇಕಾಗಿಲ್ಲ. ‘ಮಗನಿಗೆ 100 ಬರದಾರ, ನನಗ ಬರೇ 25 ಬರದಾರ’ ಎಂಬ ಕೊರಗಿನಲ್ಲಿ ಔಷಧಿಯನ್ನು ಗೌರವದ ಪಾಲೆಂಬಂತೆ ಕಾಣುವ ದೃಷ್ಟಿಯಿದೆ. ಜಾತ್ರೆಯ ಪ್ರಸಾದದಲ್ಲಿ ಅದು ಸರಿ. ಗುಳಿಗೆಯ ಲೆಕ್ಕ ಬೇರೆ.

ಅಂಕಿಯಿಲ್ಲದ ಕಾಲದಲ್ಲಿ ಪ್ರಮಾಣವನ್ನು ಹೇಗೆ ನಿರ್ಧರಿಸುತ್ತಿದ್ದರು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ರೋಗಿಯೊಬ್ಬಳಿಗೆ ಚುಚ್ಚಿ ಗುಣ ಕಂಡನು. ಆಕೆ ಮುಂದೆ 1919ರವರೆಗೆ ಬದುಕಿದ್ದಳು. ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್‌ಮಸ್ ದಿನದಂದು ಥೈರಾಕ್ಸಿನ್ನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದನು. 1927ರ ಹೊತ್ತಿಗೆ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಇಷ್ಟಾದರೂ ಪ್ರಮಾಣ ನಿರ್ಧಾರವಾಗುತ್ತಿದ್ದುದು ನಾಡಿಯ ವೇಗ, ಚರ್ಮದ ಒರಟುತನ, ದನಿಯ ಗೊಗ್ಗರು, ಚಳಿ ತಡೆಯುವ ಶಕ್ತಿ ಇವುಗಳನ್ನು ನೋಡಿಯೇ. ಟಿಎಸ್‌ಎಚ್ ಅಳೆಯುವ ಪರೀಕ್ಷೆಗಳು 1960ರ ದಶಕದಿಂದೀಚೆಗೆ ಬಂದು, 1980ರ ದಶಕದಲ್ಲಿ ಸೂಕ್ಷ್ಮಗೊಂಡವು. ಆಗಲೇ, ಅದುವರೆಗೆ ಕೊಡುತ್ತಿದ್ದ ಪ್ರಮಾಣ ಅನೇಕರಿಗೆ ಅತಿಯಾಗಿತ್ತೆಂದು ತಿಳಿದುಬಂದು ಗುಳಿಗೆಗಳು ಚಿಕ್ಕದಾದವು. ಅಂದರೆ ಲಕ್ಷಣವನ್ನು ನೋಡಿ ಮದ್ದು ಕೊಡುವ ನಾಟಿ ವೈದ್ಯರ ಕ್ರಮದಲ್ಲಿಯೇ ಆಧುನಿಕ ವೈದ್ಯವೂ ಈ ರೋಗದ ಮಟ್ಟಿಗೆ ಹಲವು ದಶಕ ನಡೆದಿತ್ತು.

ಉಪ್ಪಿನ ಸಂಗತಿ ಬೇರೆ ಲೇಖನಕ್ಕೆ ತಕ್ಕ ವಿಷಯವಾದರೂ ಸ್ಥೂಲವಾಗಿ ಹೇಳಬೇಕು. ಅಯೋಡಿನ್ ಕೊರತೆಯಿಂದಾಗುವ ಗಳಗಂಡವನ್ನು ಉಪ್ಪಿನ ಮೂಲಕ ತಡೆಯಬಹುದೆಂದು ತೋರಿಸಿದ್ದು 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಆರಂಭವಾದ, ವಿ. ರಾಮಲಿಂಗಸ್ವಾಮಿಯವರ ಹೆಸರಿನೊಂದಿಗೆ ಸೇರಿಹೋದ ಅಧ್ಯಯನ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದಿತು; 2006ರ ಮೇ 17ರಿಂದ ಆಹಾರಕ್ಕಾಗಿ ಅಯೋಡಿನ್ ರಹಿತ ಉಪ್ಪಿನ ಮಾರಾಟಕ್ಕೆ ದೇಶದಾದ್ಯಂತ ಮತ್ತೆ ನಿರ್ಬಂಧ ಜಾರಿಯಾಯಿತು. ಇಂದು ಗುಳಿಗೆ ನುಂಗುತ್ತಿರುವ ಬಹುತೇಕರ ರೋಗ ಇದಲ್ಲ. 1912ರಲ್ಲಿ ಜಪಾನಿನ ಹಾಶಿಮೊಟೊ ವಿವರಿಸಿದ, ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯನ್ನು ಹಾಳುಗೆಡಹುವ ಬಗೆಯದು ಅವರ ತೊಂದರೆ. ಉಪ್ಪನ್ನು ಹೆಚ್ಚು ತಿಂದರೆ ಅದು ವಾಸಿಯಾಗದು. 2013ರಲ್ಲಿ ಪ್ರಕಟವಾದ ಎಂಟು ಮಹಾನಗರಗಳ ಸಮೀಕ್ಷೆಯೊಂದು ವಯಸ್ಕರಲ್ಲಿ ಸುಮಾರು ಶೇ. 11ರಷ್ಟು ಜನರಿಗೆ ಥೈರಾಯ್ಡ್ ಕೊರತೆ ಇದೆಯೆಂದು ಕಂಡುಕೊಂಡಿತು. ಆ ನಗರಗಳ ಪಟ್ಟಿಯಲ್ಲಿ ಬೀದರಕ್ಕೆ ಹತ್ತಿರದ್ದು ಹೈದರಾಬಾದ್.

ಗುಳಿಗೆ ಸರಿಯಿದ್ದೂ ಅಂಕಿ ಏರುವ ಸಂದರ್ಭಗಳೇ ಈ ಸೀಮೆಯ ಸಂಸ್ಕೃತಿಯೊಂದಿಗೆ ಹೆಚ್ಚು ಹೆಣೆದುಕೊಂಡಿರುವುದು. ಲಿವೋಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರ ಚೆನ್ನಾಗಿ ಹೀರಿಕೆಯಾಗುತ್ತದೆ; ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ಆದರೆ ನಮ್ಮ ಕಡೆ ಬೆಳಗು ಆಗುವುದೇ ಚಹದಿಂದ. ‘ಬರೇ ಹೊಟ್ಟೀಲಿ ಗುಳಗಿ ತಗೋಬಾರದು, ಗರಮಿ ಆಗ್ತದ’ ಎಂಬ ತಿಳಿವಳಿಕೆ ಇಲ್ಲಿ ಗಟ್ಟಿಯಾಗಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲದಲ್ಲಿ ಯುನಾನಿ ಹಕೀಮರ ಮಿಜಾಜು, ಗರಮಿ, ಸರ್ದಿ, ಪರಹೇಜುಗಳೂ ಆಯುರ್ವೇದದ ಉಷ್ಣ-ಶೀತ-ಪಥ್ಯಗಳೂ ಬೆರೆತು ಒಂದೇ ಆಗಿವೆ. ಇಂಗ್ಲಿಷ್ ಔಷಧಿ ಗರಮು, ಹೊಟ್ಟೆಯಲ್ಲಿ ಏನಾದರೂ ಆಧಾರವಿಲ್ಲದೆ ಅದನ್ನು ನುಂಗಬಾರದೆಂಬುದು ನೋವಿನ ಗುಳಿಗೆಗಳ ಮಟ್ಟಿಗೆ ಅನುಭವಸಿದ್ಧವಾದ ವಿವೇಕವೇ. ಅದನ್ನು ಈ ಗುಳಿಗೆಗೂ ವಿಸ್ತರಿಸಿ, ರೊಟ್ಟಿ ತಿಂದು ಹಾಲು-ಚಹ ಕುಡಿದ ಬಳಿಕ ನುಂಗಿದರೆ ಔಷಧಿಯ ಒಂದು ಪಾಲು ಕರುಳಿನಲ್ಲಿಯೇ ಉಳಿದು ಹೊರಹೋಗುತ್ತದೆ. ನಾರಿನಂಶ ಅಧಿಕವಾದ ಆಹಾರ, ಕಾಫಿ, ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ, ಆಮ್ಲಪಿತ್ತದ ಔಷಧಿ ಇವೆಲ್ಲವೂ ಹೀರಿಕೆಯನ್ನು ತಗ್ಗಿಸುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂಗಳಿಂದ ನಾಲ್ಕು ಗಂಟೆಯ ಅಂತರ ಬೇಕು. ಈ ಪಟ್ಟಿಯಲ್ಲಿ ಸೋಯಾ ಕೂಡ ಸೇರಿದೆ. ಮುಂಗಾರಿನಲ್ಲಿ ಭಾಲ್ಕಿ, ಔರಾದಗಳ ಹೊಲಗಳೆಲ್ಲ ಸೋಯಾ ಅವರೆಯಿಂದ ಹಸುರಾಗುತ್ತವೆಯಾದರೂ ಅದು ಮಾರುಕಟ್ಟೆಗೆ ಹೋಗುವ ಬೆಳೆ. ಮನೆಯ ಅಡುಗೆಯಲ್ಲಿ ಅದರ ಪಾಲು ಅಲ್ಪ. ಬೆಳೆಯುವವರಿಗಿಂತ ಪೇಟೆಯಲ್ಲಿ ಸೋಯಾ ಹಾಲು ಕೊಂಡು ಕುಡಿಯುವವರೇ ಇದನ್ನು ನೆನಪಿಡಬೇಕಾದುದು.

ಉಪವಾಸಗಳ ವಿಷಯ ಹೀಗಲ್ಲ. ಸೋಮವಾರ, ಏಕಾದಶಿಗಳ ಒಪ್ಪೊತ್ತು ಈ ಗುಳಿಗೆಗೆ ಅಡ್ಡಿಯಲ್ಲ. ಖಾಲಿ ಹೊಟ್ಟೆಯೇ ಅದಕ್ಕೆ ಬೇಕಾದುದು. ನೀರನ್ನೂ ಮುಟ್ಟದ ನಿರ್ಜಲ ವ್ರತ ಮತ್ತು ರಮಜಾನಿನ ರೋಜಾಗಳಲ್ಲಿ ಹೊತ್ತನ್ನು ಬದಲಿಸಬೇಕಾಗುತ್ತದೆ. ಸಹರಿಯ ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಎದ್ದು ನುಂಗುವುದು ಒಂದು ದಾರಿ. ರಾತ್ರಿಯ ಊಟವಾಗಿ ಮೂರು ಗಂಟೆ ಕಳೆದು ಮಲಗುವಾಗ ನುಂಗುವುದು ಇನ್ನೊಂದು. ಮಲಗುವಾಗ ನುಂಗಿದ ಗುಳಿಗೆ ಬೆಳಗಿನದಕ್ಕಿಂತ ಕಡಿಮೆಯೇನೂ ಕೆಲಸ ಮಾಡುವುದಿಲ್ಲವೆಂದು 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದು ತೋರಿಸಿದೆ. ಚಹ ಬಿಡಲಾರದವರಿಗೂ ಈ ಎರಡನೆಯ ದಾರಿಯನ್ನು ವೈದ್ಯರು ಸೂಚಿಸುವುದುಂಟು. ತಿಂಗಳಿಡೀ ಗುಳಿಗೆ ಬಿಟ್ಟು ಈದ್ ಮುಗಿದ ಮೇಲೆ ಪರೀಕ್ಷೆಗೆ ಹೋದರೆ ಬರುವ ಅಂಕಿ ರೋಗದ್ದಲ್ಲ, ಬಿಟ್ಟ ತಿಂಗಳಿನದು.

ಪಥ್ಯದ ಪ್ರಶ್ನೆ ಪ್ರಬಲವಾಗುವುದು ಎಳ್ಳಮಾವಾಸ್ಯೆಯ ಹೊತ್ತಿಗೆ. ಬಗೆಬಗೆಯ ಕಾಳು-ಸೊಪ್ಪುಗಳ ಭಜ್ಜಿ, ಸಜ್ಜೆಯ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ ಅದು. ಸಜ್ಜೆಯಲ್ಲಿರುವ ಕೆಲವು ವಸ್ತುಗಳು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಮಾಡಬಲ್ಲವೆಂದು ಸುಡಾನಿನಲ್ಲಿ ಸಜ್ಜೆಯನ್ನೇ ಮುಖ್ಯ ಆಹಾರವಾಗಿ ಉಣ್ಣುವ ಜನರನ್ನು ಕುರಿತ ಸಂಶೋಧನೆ 1980ರ ದಶಕದಲ್ಲಿ ತಿಳಿಸಿತು. ಎಲೆಕೋಸಿನ ಬಗ್ಗೆಯೂ ಇಂಥ ಮಾತಿದೆ. ಅದು ಅಯೋಡಿನ್ ಸಾಲದ, ನಿತ್ಯವೂ ಅದನ್ನೇ ಉಣ್ಣುವ ಸ್ಥಿತಿಗೆ ಸಂಬಂಧಿಸಿದುದು. ಅಯೋಡಿನ್ ಉಪ್ಪು ಬಳಸುವ, ಹಾರ್ಮೋನನ್ನೇ ಗುಳಿಗೆಯಾಗಿ ನುಂಗುತ್ತಿರುವ ವ್ಯಕ್ತಿಗೆ ಹಬ್ಬದ ಸಜ್ಜೆ ರೊಟ್ಟಿಯಿಂದ ಕೇಡಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಇಲ್ಲಿ ತಿರುಗಿಬಿದ್ದಿದೆ: ಭಜ್ಜಿ, ಕೋಸುಗಳನ್ನು ಬಿಟ್ಟು ನಿಷ್ಠೆಯಿಂದ ಪಥ್ಯ ಮಾಡುವವರು, ಆ ಪಥ್ಯವೇ ಮದ್ದೆಂದು ತಿಳಿದು ಗುಳಿಗೆಯನ್ನು ಮರೆಯುತ್ತಾರೆ.

ಇನ್ನು ಪ್ರಯೋಗಶಾಲೆಯ ವಿಚಾರ. ವಿಕಾರಾಬಾದಿನಿಂದ ಪರಳಿಯತ್ತ ಸಾಗುವ ರೈಲುಮಾರ್ಗ ಬೀದರ, ಭಾಲ್ಕಿ, ಕಮಲನಗರಗಳನ್ನು ಹಾದು ಉದಗೀರವನ್ನು ಮುಟ್ಟುತ್ತದೆ. ಚಿಕಿತ್ಸೆಗೆ ಹೋಗುವ ಹಾದಿಯೂ ಇದರಂತೆಯೇ ಎರಡು ಕಡೆಗೆ ಚಾಚಿದೆ: ಒಂದು ಹೈದರಾಬಾದಿಗೆ, ಇನ್ನೊಂದು ಉದಗೀರ, ಲಾತೂರಗಳಿಗೆ. ರೈಲಿಲ್ಲದ ಔರಾದದವರೂ ಬಸ್ಸಿನಲ್ಲಿ ಈ ಎರಡರಲ್ಲೊಂದು ದಿಕ್ಕನ್ನು ಹಿಡಿಯುವರು. ಹೀಗಾಗಿ ಒಬ್ಬರ ಚೀಲದಲ್ಲಿಯೇ ಮೂರು ಊರುಗಳ, ಎರಡು ಮೂರು ರಾಜ್ಯಗಳ ವರದಿಗಳಿರಬಹುದು. ಒಂದರಲ್ಲಿ ಟಿಎಸ್‌ಎಚ್ ಅನ್ನು ಮಿಲಿಲೀಟರಿಗೆ ಮೈಕ್ರೋ ಯೂನಿಟ್ ಎಂದು, ಇನ್ನೊಂದರಲ್ಲಿ ಲೀಟರಿಗೆ ಮಿಲಿ ಯೂನಿಟ್ ಎಂದು ಬರೆದಿರುತ್ತದೆ; ಇವೆರಡೂ ಒಂದೇ, ಅಂಕಿ ಬದಲಾಗುವುದಿಲ್ಲ. ಆದರೆ ಫ್ರೀ ಟಿ4 ಹಾಗಲ್ಲ. ಡೆಸಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ 1.2 ಇರುವುದು ಲೀಟರಿಗೆ ಪಿಕೋಮೋಲ್ ಲೆಕ್ಕದಲ್ಲಿ ಸುಮಾರು 15.4 ಆಗುತ್ತದೆ. ಅಳತೆಗೋಲನ್ನು ಗಮನಿಸದೆ ಅಂಕಿಯನ್ನಷ್ಟೇ ಹೋಲಿಸಿದವರು ಒಂದೇ ತಿಂಗಳಲ್ಲಿ ಹದಿಮೂರು ಪಟ್ಟು ಏರಿತೆಂದು ಹೌಹಾರುವುದು ಖಂಡಿತ. ಯಂತ್ರಗಳೂ ರಾಸಾಯನಿಕಗಳೂ ಬೇರೆಯಾದ್ದರಿಂದ ಪ್ರತಿ ಪ್ರಯೋಗಶಾಲೆಯ ಮಿತಿಗಳೂ ತುಸು ಬೇರೆ. ಆಯಾ ವರದಿಯ ಬಲಬದಿಗೆ ಮುದ್ರಿಸಿದ ಮಿತಿಯೊಂದಿಗೇ ಆ ಅಂಕಿಯನ್ನು ಹೋಲಿಸಬೇಕು. ಸಾಧ್ಯವಾದರೆ ಒಂದೇ ಪ್ರಯೋಗಶಾಲೆ, ಒಂದೇ ಹೊತ್ತು, ಒಂದೇ ಕಂಪನಿಯ ಗುಳಿಗೆ.

ಹೊತ್ತಿನ ಮಾತು ಸುಮ್ಮನೆ ಹೇಳಿದ್ದಲ್ಲ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಮೇಲೆ ಇಳಿದಿರುತ್ತದೆ. ಬೆಳಗಿನ ಗುಳಿಗೆ ನುಂಗಿದ ಮೂರ್ನಾಲ್ಕು ಗಂಟೆ ಫ್ರೀ ಟಿ4 ತಾತ್ಕಾಲಿಕವಾಗಿ ಮೇಲೇರಿರುತ್ತದೆ. ಆದ್ದರಿಂದ ಆ ದಿನ ರಕ್ತ ಕೊಟ್ಟ ನಂತರ ಗುಳಿಗೆ ನುಂಗುವುದು ಲೇಸು. ಕೂದಲಿಗೆಂದು ಔಷಧಿ ಅಂಗಡಿಯಲ್ಲಿ ಕೊಳ್ಳುವ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳುಸುಳ್ಳೇ ಇಳಿದಂತೆಯೂ ಟಿ4 ಏರಿದಂತೆಯೂ ತೋರಿಸುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಬೇಕು. ಕೂದಲು ಉದುರುವುದು ಥೈರಾಯ್ಡ್ ಕೊರತೆಯ ಲಕ್ಷಣಗಳಲ್ಲೊಂದಾದ್ದರಿಂದ ಇವೆರಡೂ ಒಂದೇ ಮನೆಯಲ್ಲಿ ಸೇರುವುದು ಕಾಕತಾಳೀಯವಲ್ಲ. ಇನ್ನೊಂದು ಚಿತ್ರವುಂಟು: ಟಿಎಸ್‌ಎಚ್ ಏರಿದೆ, ಟಿ4 ಮಾತ್ರ ತುಂಬಿ ತುಳುಕುತ್ತಿದೆ. ತಿಂಗಳುಗಟ್ಟಲೆ ಗುಳಿಗೆ ಮರೆತು, ಪರೀಕ್ಷೆಗೆ ನಾಲ್ಕು ದಿನವಿದೆಯೆನ್ನುವಾಗ ತಪ್ಪದೆ ನುಂಗಿದವರ ವರದಿ ಹೀಗಿರುತ್ತದೆ. ಬೀಗರು ಬರುವ ಹಿಂದಿನ ದಿನ ಮನೆ ಸಾರಿಸುವಂತೆ ಇದು. ಟಿ4 ಬೇಗ ತುಂಬುತ್ತದೆ. ಟಿಎಸ್‌ಎಚ್ ಕಳೆದ ಆರು ವಾರಗಳ ಲೆಕ್ಕವನ್ನು ಹೇಳಿಬಿಡುತ್ತದೆ. ರೋಗಿಯು ನಾಚಿಕೆಯಿಂದ ಮರೆಮಾಚಿದರೆ ವೈದ್ಯರು ಪ್ರಮಾಣವನ್ನು ಏರಿಸುತ್ತಾರೆ, ಆಮೇಲೆ ನಿಷ್ಠೆಯಿಂದ ನುಂಗಿದಾಗ ಅದು ಅತಿಯಾಗುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ನೆಲದಲ್ಲಿ ಗುಳಿಗೆಯ ಡಬ್ಬಿ ಇರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಶಾಖ, ಬೆಳಕು, ತೇವಗಳಿಂದ ಥೈರಾಕ್ಸಿನ್ ಸತ್ವ ಕಳೆದುಕೊಳ್ಳುತ್ತದೆ. ಒಲೆಯ ಮೇಲಿನ ಗೂಡು ಅದಕ್ಕೆ ತಕ್ಕ ಸ್ಥಳವಲ್ಲ.

ಈ ಎಲ್ಲ ಸಂಗತಿಗಳೂ ಅತ್ಯಂತ ನಿರ್ಣಾಯಕವಾಗುವುದು ಬಸಿರಿನಲ್ಲಿ. ಗರ್ಭ ನಿಂತ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ಪದ್ಧತಿ ಈ ಭಾಗದಲ್ಲಿಯೂ ಉಂಟು. ಕಣ್ಣಬೀಳುವ ಭಯ, ಗರ್ಭ ಇಳಿದರೆ ಮಾತಿಗೆ ಸಿಗುವ ಅಂಜಿಕೆ ಇದರ ಹಿಂದಿವೆ. ಆದರೆ ಶಿಶುವಿನ ಸ್ವಂತ ಥೈರಾಯ್ಡ್ ಗ್ರಂಥಿ ಕೆಲಸಕ್ಕೆ ತೊಡಗುವುದೇ ಸುಮಾರು ಹನ್ನೆರಡನೆಯ ವಾರದಲ್ಲಿ. ಅಲ್ಲಿಯವರೆಗೆ ಅದರ ಮೆದುಳು ಬೆಳೆಯಲು ಬೇಕಾದ ಥೈರಾಕ್ಸಿನ್ ಅಷ್ಟೂ ತಾಯಿಯ ರಕ್ತದಿಂದಲೇ ಹೋಗಬೇಕು. ಮೊದಲೇ ಗುಳಿಗೆಯಲ್ಲಿರುವ ಹೆಂಗಸಿಗೆ ಬಸಿರಿನಲ್ಲಿ ಶೇ. 25ರಿಂದ 50ರಷ್ಟು ಹೆಚ್ಚು ಬೇಕಾಗುತ್ತದೆ, ಅದೂ ಮೊದಲ ವಾರಗಳಿಂದಲೇ. ಆದ್ದರಿಂದ ಮುಟ್ಟು ನಿಂತು ಗರ್ಭ ಖಚಿತವಾದ ಕೂಡಲೇ ವಾರಕ್ಕೆ ಏಳರ ಬದಲು ಒಂಬತ್ತು ಗುಳಿಗೆ ನುಂಗಿ ವೈದ್ಯರನ್ನು ಕಾಣಬೇಕೆಂದು ಅಮೆರಿಕದ ಥೈರಾಯ್ಡ್ ಸಂಘದ 2017ರ ಮಾರ್ಗಸೂಚಿ ಹೇಳುತ್ತದೆ. ಬಸಿರಿಗೆ ಮೊದಲೇ ವೈದ್ಯರೊಂದಿಗೆ ಈ ಮಾತು ಆಗಿರಬೇಕು. ಬಳಿಕ ಅರ್ಧ ಬಸಿರಿನವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಾರೆ. ಚಿಕಿತ್ಸೆಯಲ್ಲಿರುವವರಲ್ಲಿ ಅದನ್ನು 2.5ರ ಒಳಗಿಡಲು ಯತ್ನಿಸುತ್ತಾರೆ. ಊರಿಗೆ ಸುದ್ದಿ ಮುಚ್ಚಿಡುವುದಕ್ಕೂ ವೈದ್ಯರಿಗೆ ಮುಚ್ಚಿಡುವುದಕ್ಕೂ ಇರುವ ವ್ಯತ್ಯಾಸವನ್ನು ಮನೆಯ ಹಿರಿಯ ಹೆಂಗಸರು ಒಪ್ಪಿದರೆ ಪದ್ಧತಿಗೂ ಭಂಗವಿಲ್ಲ. ‘ಬಸರಿಗಿ ಗರಮ್ ದವಾ ಬ್ಯಾಡ’ ಎಂದು ಈ ಗುಳಿಗೆಯನ್ನೇ ಬಿಡಿಸುವುದು ಮಾತ್ರ ಹೊಟ್ಟೆಯಲ್ಲಿನ ಕೂಸಿನ ಪಾಲನ್ನು ಕಿತ್ತಂತೆ. ಬಸುರಿಯರಿಗೆಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಇದರೊಂದಿಗೆ ಒಂದೇ ಗುಟುಕಿಗೆ ನುಂಗದೆ ಹೊತ್ತು ಹಂಚಿಕೊಳ್ಳಬೇಕು. ಹೆರಿಗೆಯಾದ ಮೇಲೆ ಪ್ರಮಾಣವನ್ನು ಹಿಂದಿನ ಮಟ್ಟಕ್ಕೆ ಇಳಿಸಿ ಆರು ವಾರಕ್ಕೆ ಮತ್ತೆ ಪರೀಕ್ಷಿಸುತ್ತಾರೆ. ಆಗ ಬಾಣಂತಿ ತವರಿನಲ್ಲಿರುತ್ತಾಳೆ. ಹಳೆಯ ಚೀಟಿ ಗಂಡನ ಮನೆಯ ಮಾಡದಲ್ಲಿ ಉಳಿದಿರುತ್ತದೆ.

ಅಂಕಿಯನ್ನು ನಂಬಲೇಬಾರದ ಒಂದು ಸಂದರ್ಭವೂ ಬಾಣಂತನಕ್ಕೇ ಸೇರಿದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಅದು ಸತ್ವಹೀನವಾಗಬಹುದು. 1937ರಲ್ಲಿ ಇದನ್ನು ವಿವರಿಸಿದ ಶೀಹನ್ ಎಂಬ ವೈದ್ಯನ ಹೆಸರಿನಿಂದಲೇ ಈ ಸ್ಥಿತಿಯನ್ನು ಕರೆಯುತ್ತಾರೆ. ಇಲ್ಲಿ ಕೂಗುವ ಯಜಮಾನನೇ ಮೂಕನಾಗಿದ್ದಾನೆ. ಹಾರ್ಮೋನು ಎಷ್ಟು ಇಳಿದರೂ ಟಿಎಸ್‌ಎಚ್ ಏರುವುದಿಲ್ಲ. ವರದಿಯಲ್ಲಿ ಅದು ಸಾಮಾನ್ಯವೆಂದೇ ಕಾಣುತ್ತದೆ. ‘ರಿಪೋರ್ಟ್ ನಾರ್ಮಲ್ ಅದ’ ಎಂದು ಮನೆಗೆ ಕಳಿಸಲ್ಪಟ್ಟ ಹೆಂಗಸು ವರ್ಷಗಟ್ಟಲೆ ದಣಿವು, ಚಳಿ, ಮಂಕುಗಳನ್ನು ಹೊತ್ತು ತಿರುಗುತ್ತಾಳೆ. ಆದರೆ ಆಕೆಯ ಬಾಯಲ್ಲಿ ಒಂದು ಕಥನವಿರುತ್ತದೆ: ಆ ಹೆರಿಗೆಯಲ್ಲಿ ರಗತ ಬಾಳ ಹೋಯ್ತು, ಕೂಸಿಗೆ ಎದಿಹಾಲು ಇಳಿಲಿಲ್ಲ, ಅವತ್ತಿನಿಂದ ಹೊರಗಾಗಲೇ ಇಲ್ಲ. ಬಾಣಂತನದ ಕಥನಗಳನ್ನು ಸಂಗ್ರಹಿಸುವ ಜಾನಪದ ಕ್ಷೇತ್ರಕಾರ್ಯಕರ್ತರು ಇಂಥ ಮಾತನ್ನು ದೃಷ್ಟಿ, ಗಾಳಿ-ಸೋಂಕುಗಳ ವಿವರಣೆಯ ಕೆಳಗೆ ಬರೆದಿಟ್ಟುಕೊಂಡು ಮುಂದೆ ಹೋಗುವುದು ವಾಡಿಕೆ. ಈ ಮೂರು ವಾಕ್ಯಗಳು ಒಟ್ಟಿಗೆ ಬಂದಾಗ ಕಥನವನ್ನು ದಾಖಲಿಸುವುದರ ಜೊತೆಗೆ ಆ ಹೆಂಗಸನ್ನು ಬೀದರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಕಳಿಸಿ, ಇದೇ ಮಾತನ್ನು ಇದೇ ಕ್ರಮದಲ್ಲಿ ಅಲ್ಲಿ ಹೇಳುವಂತೆ ಮಾಡಬೇಕು. ಅಲ್ಲಿ ಟಿಎಸ್‌ಎಚ್ ಜೊತೆಗೆ ಫ್ರೀ ಟಿ4 ಮತ್ತು ಬೆಳಗಿನ ಕಾರ್ಟಿಸಾಲ್ ನೋಡುತ್ತಾರೆ. ಕಾರ್ಟಿಸಾಲ್ ಕೊರತೆಯಿದ್ದರೆ ಅದನ್ನು ಮೊದಲು ತುಂಬಿ, ಆಮೇಲೆ ಥೈರಾಕ್ಸಿನ್ ಆರಂಭಿಸುತ್ತಾರೆ. ಕ್ರಮ ತಲೆಕೆಳಗಾದರೆ ರೋಗಿಯ ಜೀವಕ್ಕೆ ಅಪಾಯ. ಮುಂದಿನ ಪ್ರಮಾಣವನ್ನು ನಿರ್ಧರಿಸುವುದೂ ಫ್ರೀ ಟಿ4ನಿಂದಲೇ. ಟಿಎಸ್‌ಎಚ್‌ನ ಅಂಕಿಯನ್ನು ಈ ರೋಗಿಗಳಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.